ಬಿದ್ದ ಹಲಸಿನ ಮರ, 38ರ ವಯಸ್ಸು, ಉಳಿ ಹಿಡಿಯುವ ಆಸೆ

ಪ್ರಶ್ನೆ: ಅಣ್ಣ, ನಮಸ್ಕಾರ. ನಾನು ಪಾಂಡವಪುರ ತಾಲ್ಲೂಕಿನ ರೈತ, ವಯಸ್ಸು 38. ಒಂದೂವರೆ ಎಕರೆ ನಾಲೆ ಬಯಲಿದೆ, ಭತ್ತ, ಕಬ್ಬು ಹಾಕುತ್ತೇವೆ. ಚಿಕ್ಕಂದಿನಿಂದಲೂ ಮರ ಕಂಡರೆ ಕೈ ಸುಮ್ಮನಿರುವುದಿಲ್ಲ. ಕುಡುಗೋಲಿನ ಹಿಡಿ, ನೇಗಿಲಿನ ಮೇಣಿ, ಮಕ್ಕಳಿಗೆ ಬಸವಣ್ಣ, ಎಲ್ಲ ನಾನೇ ಕೆತ್ತಿಕೊಳ್ಳುತ್ತೇನೆ. ಈಗ ದೇವರ ಮನೆ ಬಾಗಿಲು, ಮಂಟಪ ಮಾಡುವಂಥ ಕೆತ್ತನೆ ಸರಿಯಾಗಿ ಕಲಿಯಬೇಕು ಅಂತ ಆಸೆ. ಈ ವಯಸ್ಸಿಗೆ ಆಗುತ್ತಾ? ನಾವು ಒಕ್ಕಲು ಮನೆಯವರು, ಆಚಾರ್ರು ಕಲಿಸ್ತಾರಾ? ಬೇಸಾಯ ಬಿಟ್ಟು ಮೈಸೂರಿಗೆ ಹೋಗಬೇಕಾ? ಹೋದ ವಾರ ಗಾಳಿಗೆ ಮನೆ ಹಿಂದಿನ ಹಲಸಿನ ಮರ ಬಿತ್ತು. ಅದರಲ್ಲೇ ಶುರು ಮಾಡಲಾ?

ಉತ್ತರ: ಮೊದಲು ಮರದ ವಿಷಯ ಮುಗಿಸೋಣ. ನಿಮ್ಮ ಬೇರೆ ಪ್ರಶ್ನೆಗಳು ಒಂದು ತಿಂಗಳು ತಡೆದುಕೊಳ್ಳುತ್ತವೆ. ಬಿದ್ದ ಮರ ತಡೆಯುವುದಿಲ್ಲ.

ಹಲಸು ಒಳ್ಳೆಯ ಮರ. ವೀಣೆಯ ಕೊಡ ಅದರಲ್ಲೂ ಆಗುತ್ತದೆ. ಹಳದಿ ಬಣ್ಣದ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ವರ್ಷ ಕಳೆದಂತೆ ಕಂದು ತಿರುಗುತ್ತದೆ. ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಆದರೆ ಈಗ ನೆಲದ ಮೇಲೆ ಬಿದ್ದಿರುವ ದಿಮ್ಮಿಯಲ್ಲಿ ಚೇಗಿನ ಸುತ್ತ ಬಿಳಿ ಭಾಗ ಇರುತ್ತದಲ್ಲ, ಅದರಲ್ಲಿ ಹುಳಕ್ಕೆ ಬೇಕಾದ ಊಟ ಇದೆ. ಮಳೆ ಬಿದ್ದರೆ ಇನ್ನೂ ಬೇಗ ಹಿಡಿಯುತ್ತದೆ. ಆದ್ದರಿಂದ ಇವತ್ತೇ ಎರಡು ಕೆಲಸ ಮಾಡಿ. ಒಂದು, ದಿಮ್ಮಿಯ ಕೆಳಗೆ ಕಲ್ಲೋ ಕೊರಡೋ ಕೊಟ್ಟು ನೆಲದಿಂದ ಮೇಲೆತ್ತಿ. ಎರಡು, ಕೊಯ್ದ ಎರಡೂ ತುದಿಗೆ ಹಳೆ ಪೇಂಟ್ ಇದ್ದರೆ ಬಳಿಯಿರಿ, ಇಲ್ಲದಿದ್ದರೆ ಸಗಣಿಯನ್ನು ಗಟ್ಟಿಯಾಗಿ ಮೆತ್ತಿ. ಮರದ ನೀರು ಅಡ್ಡ ಮೈಯಿಂದ ನಿಧಾನಕ್ಕೆ ಹೋಗುತ್ತದೆ, ತುದಿಯಿಂದ ಜೋರಾಗಿ ಹೋಗುತ್ತದೆ. ತುದಿ ಬೇಗ ಒಣಗಿ ಕುಗ್ಗುತ್ತದೆ, ಒಳಗಿನದು ಇನ್ನೂ ಹಸಿ ಇರುತ್ತದೆ. ಆಗಲೇ ಬಾಯಿ ಬಿಡುವುದು. ನಮ್ಮ ಹಿರಿಯರು ಸಗಣಿ ಮೆತ್ತುತ್ತಿದ್ದದ್ದು ಇದಕ್ಕೇ.

ಮಿಲ್ಲಿಗೆ ಸಾಗಿಸುವ ಮೊದಲು ನಿಮ್ಮ ಭಾಗದ ಅರಣ್ಯ ಇಲಾಖೆಯವರನ್ನು ಒಂದು ಮಾತು ಕೇಳಿ. ಸ್ವಂತ ಹಿತ್ತಲಿನ ಮರ, ಗಾಳಿಗೆ ಬಿದ್ದದ್ದು, ಎಲ್ಲ ಸರಿ. ದಾರಿಯಲ್ಲಿ ಗಾಡಿ ನಿಲ್ಲಿಸಿ ಕೇಳಿದರೆ ಕೈಯಲ್ಲಿ ಒಂದು ಕಾಗದ ಇರಬೇಕು.

ಮಿಲ್ಲಿನಲ್ಲಿ ಹಲಗೆ ಕೊಯ್ಯಿಸುವಾಗ ಪಕ್ಕದಲ್ಲೇ ನಿಂತಿರಿ. ಮರದ ನಟ್ಟನಡುವೆ ತಿರುಳು ಇರುತ್ತದೆ. ಅದು ಯಾವ ಹಲಗೆಯೊಳಗೆ ಸೇರುತ್ತದೋ ಆ ಹಲಗೆ ಇವತ್ತಲ್ಲ ನಾಳೆ ಸೀಳುತ್ತದೆ. ತಿರುಳಿನ ಸುತ್ತ ಎರಡಿಂಚು ಬಿಟ್ಟುಕೊಟ್ಟು ಕೊಯ್ಯಲು ಹೇಳಿ. 'ಮರ ಹಾಳು' ಅಂತ ಅವರು ಗೊಣಗುತ್ತಾರೆ, ಗೊಣಗಲಿ. ನಿಮಗೆ ಕಲಿಯಲು ಒಂದೂವರೆ ಇಂಚು ದಪ್ಪದ ಹಲಗೆ ಬೇಕು, ಮಂಟಪದ ಕಂಬಕ್ಕೆ ನಾಲ್ಕಿಂಚು ಚೌಕದ ತುಂಡು ನಾಲ್ಕೈದು ಇರಲಿ. ತಂದ ಮೇಲೆ ನೆರಳಲ್ಲಿ, ಗಾಳಿ ಆಡುವ ಕಡೆ ಅಟ್ಟಿ ಹಾಕಿ. ಎರಡು ಹಲಗೆಗಳ ನಡುವೆ ಒಂದಿಂಚಿನ ರೀಪು (ಮರದ ಪಟ್ಟಿ), ಒಂದೂವರೆ ಅಡಿಗೊಂದು. ಮೇಲಿನ ಸಾಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಬಿಸಿಲಿಗೆ ಇಡಬೇಡಿ. ರಾಗಿ ಒಣಗಿಸಿದ ಹಾಗೆ ಮರ ಒಣಗಿಸಲು ಆಗುವುದಿಲ್ಲ.

ಎಷ್ಟು ದಿನ? ಒಂದಿಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ. ಮುಖ ಸಪ್ಪೆ ಮಾಡಿಕೊಳ್ಳಬೇಡಿ, ಆ ವರ್ಷಕ್ಕೆ ನಿಮಗೆ ಬೇರೆ ಕೆಲಸ ಇಟ್ಟಿದ್ದೇನೆ. ಒಣಗಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭ ಉಪಾಯ ಇದೆ. ಅಟ್ಟಿಯಿಂದ ಒಂದು ತುಂಡನ್ನು ಗುರುತು ಮಾಡಿ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಅಂಗಡಿ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುತ್ತಾ ಇಳಿಯುತ್ತಾ ಒಂದು ಹಂತಕ್ಕೆ ನಿಲ್ಲುತ್ತದೆ. ಎರಡು ತಿಂಗಳು ಅಲ್ಲೇ ನಿಂತರೆ ಮರ ನಿಮ್ಮ ಊರಿನ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ. ಮೀಟರ್ ಇರುವವರು ಅಳೆದರೆ ತೇವ ಶೇ. 12ರ ಆಸುಪಾಸು ತೋರಿಸಬೇಕು.

ಇಷ್ಟು ಉದ್ದಕ್ಕೆ ಹೇಳಲು ಕಾರಣ ಇದೆ. ನಾನೂ ಒಕ್ಕಲು ಮನೆಯವನೇ, ಮಳವಳ್ಳಿ ಕಡೆಯವನು. ಉಳಿ ಹಿಡಿದಾಗ ನನಗೆ 33. ಮೊದಲ ದೊಡ್ಡ ಕೆಲಸ ನೆಂಟರ ಮನೆಯ ದೇವರ ಬಾಗಿಲು. ಮಿಲ್ಲಿನವರು 'ಪೂರ್ತಿ ಒಣಗಿದೆ' ಅಂದರು, ನಾನು ನಂಬಿದೆ. ಎರಡು ತಿಂಗಳು ಕೂತು ಗಜಲಕ್ಷ್ಮಿ ಕೆತ್ತಿದೆ. ಕಾರ್ತಿಕದಲ್ಲಿ ಬಾಗಿಲು ನಿಲ್ಲಿಸಿದೆವು, ಎಲ್ಲರೂ ಹೊಗಳಿದರು. ಯುಗಾದಿಗೆ ಹೋದಾಗ ಹಲಗೆ ಸೀಳಿತ್ತು. ಸೀಳು ಲಕ್ಷ್ಮಿಯ ಹಣೆಯಿಂದ ಗಲ್ಲದವರೆಗೆ ಸರಿಯಾಗಿ ಮಧ್ಯಕ್ಕೆ ಬಂದಿತ್ತು. ಆ ಮನೆಯ ಅಜ್ಜಿ ಏನೂ ಅನ್ನಲಿಲ್ಲ, ಬಾಗಿಲ ಮುಂದೆ ಒಂದು ಪರದೆ ಕಟ್ಟಿದ್ದರು. ಬೈದಿದ್ದರೆ ವಾಸಿ ಇತ್ತು.

ಈಗ ವಯಸ್ಸಿನ ಮಾತು. 38 ತಡ ಅಲ್ಲ, ಆದರೆ ಹತ್ತು ವರ್ಷದ ಹುಡುಗ ಕಲಿತ ಹಾಗೆ ನೀವು ಕಲಿಯುವುದಿಲ್ಲ. ಆಚಾರ್ರ ಮಕ್ಕಳು ಮಾತು ಕಲಿಯುವ ವಯಸ್ಸಿಗೇ ಚಕ್ಕೆ ರಾಶಿಯಲ್ಲಿ ಆಡುತ್ತಾರೆ. ಆ ಕೈ ಬೇರೆ. ನಿಮಗಿರುವ ಅನುಕೂಲವೇ ಬೇರೆ. ನೇಗಿಲು ಹಿಡಿದವನಿಗೆ ಮರದ ಎಳೆ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಸೌದೆ ಸೀಳಿದವನಿಗೆ ಮರ ಯಾವ ಕಡೆಗೆ ಹೋಗಲು ಒಪ್ಪುತ್ತದೆ, ಗಂಟು ಬಂದ ಕಡೆ ಎಳೆ ಹೇಗೆ ಸುತ್ತಿಕೊಳ್ಳುತ್ತದೆ ಅಂತ ಕೈಗೇ ಗೊತ್ತು. ಪೇಟೆ ಹುಡುಗರಿಗೆ ಇದನ್ನು ಕಲಿಸಲು ನನಗೆ ಆರು ತಿಂಗಳು ಹಿಡಿಯುತ್ತದೆ.

ನಿಮಗೆ ತೊಂದರೆ ಕೊಡುವುದು ನಿಮ್ಮ ತೋಳಿನ ಬಲ. ನಾವು ಗುದ್ದಲಿ ಎತ್ತಿ ಹಾಕುವ ಜನ, ಭುಜದಿಂದ ಹೊಡೆಯುತ್ತೇವೆ. ಕೊಡತಿಯನ್ನು (ಮರದ ಸುತ್ತಿಗೆ) ಮಣಿಕಟ್ಟಿನಿಂದ ಹೊಡೆಯಬೇಕು, ಸಣ್ಣ ಸಣ್ಣ ಪೆಟ್ಟು, ಕದ ತಟ್ಟಿದ ಹಾಗೆ. ಮೊದಲ ಮೂರು ತಿಂಗಳು ನಾನು ಮುರಿದ ಎಲೆ ತುದಿಗಳನ್ನು ಸೇರಿಸಿದ್ದರೆ ಒಂದು ಒಲೆ ಉರಿಸಬಹುದಿತ್ತು.

ಅದಕ್ಕಿಂತ ಮೊದಲ ಪಾಠ ಉಳಿ ಮಸೆಯುವುದು. ಬಹಳ ಜನ ಇದನ್ನು ಹಾರಿಸಿ ಕೆತ್ತನೆಗೆ ಕೂರುತ್ತಾರೆ, ಆಮೇಲೆ 'ನನಗೆ ಕೈ ಬರಲ್ಲ' ಅಂತ ಬಿಟ್ಟು ಹೋಗುತ್ತಾರೆ. ಕೈ ಬರದೆ ಇದ್ದದ್ದಲ್ಲ, ಉಳಿ ಮೊಂಡಾಗಿದ್ದದ್ದು. ಮೊಂಡು ಉಳಿ ಎಳೆಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಪಾಲಿಶ್ ಹಾಕಿದ ಮೇಲೆ ಆ ಜಜ್ಜಿದ ಜಾಗ ಮಂಕಾಗಿ ಎದ್ದು ಕಾಣುತ್ತದೆ. ಉಳಿಯ ಬಾಯಿ ಸುಮಾರು 25 ಡಿಗ್ರಿ ಓರೆ ಇರಲಿ. ಬೀಟೆ, ಹೊನ್ನೆಯಂಥ ಗಟ್ಟಿ ಮರಕ್ಕೆ ಸ್ವಲ್ಪ ಜಾಸ್ತಿ. ಸಾಣೆಕಲ್ಲಿನ ಮೇಲೆ ಓರೆ ಮೈ ಪೂರ್ತಿ ಕೂತಿರಬೇಕು, ಕೈ ತೂಗಾಡಿದರೆ ಬಾಯಿ ಉರುಟಾಗುತ್ತದೆ. ಉಳಿಯ ಇನ್ನೊಂದು ಬದಿಯಲ್ಲಿ ಸಣ್ಣ ಸುರುಳಿಯ ಹಾಗೆ ಕಬ್ಬಿಣದ ಎಳೆ ಏಳುತ್ತದೆ, ಬೆರಳು ಸವರಿದರೆ ತಿಳಿಯುತ್ತದೆ. ಅದು ಎದ್ದ ಮೇಲೆ ಬೆನ್ನು ಮೈಯನ್ನು ಕಲ್ಲಿಗೆ ಚಪ್ಪಟೆ ಒತ್ತಿ ತೆಗೆಯಿರಿ. ಕೊನೆಗೆ ಹಳೆ ಬೆಲ್ಟಿನ ಚರ್ಮದ ಮೇಲೆ ಹತ್ತು ಹದಿನೈದು ಸಲ ಹಿಂದಕ್ಕೆ ಎಳೆಯಿರಿ. ಎಳೆಗೆ ಅಡ್ಡವಾಗಿ ಮರದ ಮೇಲೆ ಒಂದು ಗೀರು ಎಳೆದು ನೋಡಿ. ಕತ್ತರಿಸಿದ ಜಾಗ ಗಾಜಿನ ಹಾಗೆ ಹೊಳೆದರೆ ಮಸೆದದ್ದು ಸರಿ.

ಶುರುವಿಗೆ ಆರು ಉಳಿ ಸಾಕು. ಎರಡು ನೇರ ಬಾಯಿಯವು, ಮೂರು ಬಾಗಿದ ಬಾಯಿಯವು, ಗೆರೆ ತೆಗೆಯಲು ಒಂದು ಚೂಪು ಬಾಯಿಯದು. ಅಂಗಡಿಯಲ್ಲಿ ಪೆಟ್ಟಿಗೆ ತುಂಬ ಸೆಟ್ ತೋರಿಸುತ್ತಾರೆ, ತೆಗೆದುಕೊಳ್ಳಬೇಡಿ. ಹಳೆ ಕುಲುಮೆ ಇರುವ ಊರಲ್ಲಿ ಕಮ್ಮಾರರ ಹತ್ತಿರ ಹಳೆ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡಿಸಿಕೊಳ್ಳಬಹುದು. ನನ್ನ ಹತ್ತಿರ ಈಗಲೂ ಇರುವ ಒಳ್ಳೆಯ ಉಳಿಗಳು ಅಂಥವೇ. ಜೊತೆಗೆ ಕೊಡತಿ, ಕೈವಾರ, ಮೂಲೆ ನೇರ ನೋಡುವ ಮೂಲೆಮಟ್ಟ, ಹಲಗೆ ನಯ ಮಾಡುವ ಒಂದು ತೋಪಡ. ಹಲಗೆಯನ್ನು ಮೇಜಿಗೆ ಬಿಗಿಯಲು ಎರಡು ಕ್ಲಾಂಪ್ ಮರೆಯಬೇಡಿ. ಒಂದು ಕೈಯಲ್ಲಿ ಮರ, ಇನ್ನೊಂದು ಕೈಯಲ್ಲಿ ಉಳಿ ಹಿಡಿದು ಕೆತ್ತಿದವರ ಎಡಗೈ ನೋಡಿ, ಗಾಯದ ಗುರುತು ಎಣಿಸಲು ಆಗುವುದಿಲ್ಲ.

ಹಲಸು ಒಣಗುವ ತನಕ ಶಿವನೆ ಮರದ ತುಂಡು ತಂದು ಕಲಿಯಿರಿ. ಹಗುರ, ಎಳೆ ನೇರ, ಒಣಗಿದ ಮೇಲೆ ಜಾಸ್ತಿ ಅಲುಗಾಡುವುದಿಲ್ಲ. ಬೀಟೆಗೂ ಶ್ರೀಗಂಧಕ್ಕೂ ಈಗಲೇ ಆಸೆ ಪಡಬೇಡಿ. ಶ್ರೀಗಂಧ ಬೆಳೆದವನಿಗೇ ಸೇರಿದ್ದು ಅಂತ 2001ರಲ್ಲಿ ಕಾನೂನು ಬದಲಾಯಿತು, ನಿಜ. ಆದರೂ ಕಡಿಯಲು, ಸಾಗಿಸಲು ಅನುಮತಿ ಬೇಕೇ ಬೇಕು. ಬೀಟೆಯದೂ ಅದೇ ಕಥೆ, ಬಿಲ್ ಇಲ್ಲದೆ ಒಂದು ತುಂಡನ್ನೂ ಮನೆಗೆ ತರಬೇಡಿ. ಬೀಟೆ ಪುಡಿ ಕೆಲವರಿಗೆ ಮೈ ಕಡಿತ, ಕೆಮ್ಮು ತರುತ್ತದೆ. ಅದನ್ನು ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಲೇಬೇಕು.

ಏನು ಕೆತ್ತಬೇಕು ಅನ್ನುವುದಕ್ಕೆ ನಿಮ್ಮ ಜಿಲ್ಲೆಯಲ್ಲೇ ಶಾಲೆ ಇದೆ, ಫೀಸೂ ಇಲ್ಲ. ಕೆ.ಆರ್. ಪೇಟೆ ಹತ್ತಿರ ಹೊಸಹೊಳಲು, ಮಂಡ್ಯ ತಾಲ್ಲೂಕಿನ ಬಸರಾಳು. ಎರಡೂ 13ನೇ ಶತಮಾನದ ಹೊಯ್ಸಳ ದೇವಸ್ಥಾನಗಳು. ಮರದ ಕೆಲಸಕ್ಕೆ ಕಲ್ಲಿನ ಗುಡಿ ಯಾಕೆ ಅನ್ನಬಹುದು. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗೆ, ಆಮೇಲೆ ಗಟ್ಟಿಯಾಗುತ್ತದೆ. ಅದನ್ನು ಹೆಚ್ಚುಕಡಿಮೆ ಮರ ಕೆತ್ತಿದ ಹಾಗೇ ಕೆತ್ತಿದ್ದಾರೆ. ಹೊಸಹೊಳಲಿನಲ್ಲಿ ಗೋಡೆಯ ಬುಡದ ಪಟ್ಟಿಗಳ ಮುಂದೆ ಕೂರಿ. ಕೆಳಗೆ ಆನೆ, ಮೇಲೆ ಕುದುರೆ ಸವಾರರು, ಅದರ ಮೇಲೆ ಬಳ್ಳಿ, ಕಥೆಗಳು, ಮಕರ, ಹಂಸ. ಬಂದವರೆಲ್ಲ ಮೇಲಿನ ದೇವರ ಮೂರ್ತಿಗಳ ಫೋಟೋ ತೆಗೆದು ಹೋಗುತ್ತಾರೆ. ನೀವು ಬಳ್ಳಿ ಪಟ್ಟಿಯನ್ನು ಬಿಟ್ಟು ಕದಲಬೇಡಿ. ಒಂದು ಸುರುಳಿ ಎಲ್ಲಿ ಹುಟ್ಟುತ್ತದೆ, ಮುಂದಿನ ಸುರುಳಿ ಅದರ ಬೆನ್ನಿನ ಯಾವ ಜಾಗದಿಂದ ಒಡೆಯುತ್ತದೆ, ಎಲೆ ಯಾವ ಕಡೆ ಮಡಚಿದೆ, ಪೆನ್ಸಿಲ್ಲಿನಲ್ಲಿ ಬರೆಯಿರಿ. ಫೋಟೋ ನೋಡಿ ಬರೆದರೆ ಆಳ ತಿಳಿಯುವುದಿಲ್ಲ. ಬೆಳಿಗ್ಗೆಯೋ ಸಂಜೆಯೋ ಹೋಗಿ, ಓರೆ ಬಿಸಿಲಿಗೆ ನೆರಳು ಬಿದ್ದಾಗ ಆಳ ಕಾಣುತ್ತದೆ. ಮನೆಯಲ್ಲಿ ಕೆತ್ತುವಾಗಲೂ ಬೆಳಕು ಒಂದು ಪಕ್ಕದಿಂದ ಬರಲಿ. ತಲೆ ಮೇಲಿನ ಟ್ಯೂಬ್‌ಲೈಟ್ ಕೆಳಗೆ ಕೆತ್ತಿದ್ದು ಬೆಳಿಗ್ಗೆ ನೋಡಿದರೆ ಬೇರೆಯೇ ಇರುತ್ತದೆ.

ಮರದ ಕೆಲಸವನ್ನೇ ನೋಡಬೇಕು ಅಂದರೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. 1784ರ ಕಟ್ಟಡ, ಬಹುಪಾಲು ತೇಗ. ಎಲ್ಲರೂ ಗೋಡೆ ಚಿತ್ರ ನೋಡುತ್ತಾರೆ, ನೀವು ಕಂಬ ನೋಡಿ. ಮೈಸೂರಿನಲ್ಲಿ ಜಗನ್ಮೋಹನ ಅರಮನೆಯ ದಶಾವತಾರದ ಬಾಗಿಲು, ದೊಡ್ಡ ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲು. ಹಳೆ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಈಗಿರುವುದು 1912ಕ್ಕೆ ಮುಗಿದದ್ದು. ಅಂಬಾವಿಲಾಸದ ಬಾಗಿಲಲ್ಲಿ ಬೀಟೆಯೊಳಗೆ ಆನೆ ದಂತ ಕೂರಿಸಿದ್ದಾರೆ, ಅದು ಕೆತ್ತನೆ ಅಲ್ಲ, ಕೂರಿಸುವ ಕೆಲಸ. ಮೈಸೂರಿಗೆ ಭೌಗೋಳಿಕ ಗುರುತು (ಜಿಐ) ಸಿಕ್ಕಿರುವುದು ಈ ಬೀಟೆ ಇನ್‌ಲೇಗೆ. ದಂತ ನಿಷೇಧ ಆದ ಮೇಲೆ ಬಣ್ಣಬಣ್ಣದ ಮರದ ಚೂರು, ಪ್ಲಾಸ್ಟಿಕ್ ಬಂದವು. ಶ್ರೀಗಂಧದ ನಯ ಕೆತ್ತನೆ ಸಾಗರ, ಸೊರಬದ ಗುಡಿಗಾರರ ಕಸುಬು. ನಿಮಗೆ ಬೇಕಾದ ಬಾಗಿಲು, ಮಂಟಪದ ಕೆತ್ತನೆ ಮೂರನೆಯದು. 'ಮೈಸೂರಿಗೆ ಹೋಗಿ ಕಲಿಯುತ್ತೇನೆ' ಅನ್ನುವ ಮೊದಲು ಯಾವುದನ್ನು ಅಂತ ತಿಳಿದಿರಲಿ. ಇನ್‌ಲೇ ಅಂಗಡಿಯಲ್ಲಿ ಎರಡು ವರ್ಷ ದುಡಿದು, ಉಳಿ ಮುಟ್ಟದೆ ವಾಪಸ್ ಬಂದವರಿದ್ದಾರೆ.

ಆಚಾರ್ರು ಕಲಿಸ್ತಾರಾ? ನನಗೆ ಕಲಿಸಿದವರು ಆಚಾರ್ರೇ. ಅವರ ತಂದೆ ನಮ್ಮ ತಾತನ ನೇಗಿಲು ಮಾಡಿಕೊಟ್ಟವರು. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ, ಅಂದರೆ ವರ್ಷದ ಕೆಲಸಕ್ಕೆ ಕೊಡುವ ಧಾನ್ಯ, ತೆಗೆದುಕೊಂಡು ಹೋಗುತ್ತಿದ್ದರು. ಟ್ರ್ಯಾಕ್ಟರ್ ಬಂತು, ಮರದ ನೇಗಿಲು ಹೋಯಿತು, ಆಯವೂ ನಿಂತಿತು. ಅವರ ಮಗ ಗಾರ್ಮೆಂಟ್ಸ್‌ಗೆ ಹೋದ. ನಾನು ಕೇಳಿಕೊಂಡು ಹೋದಾಗ ಮುದುಕರು ಒಂದು ವಾರ ಮಾತಾಡಲಿಲ್ಲ, ಎಂಟನೇ ದಿನ ಒಂದು ಮೊಂಡು ಉಳಿ ಕೊಟ್ಟು 'ಇದನ್ನ ಮಸಿ' ಅಂದರು. ಎಲ್ಲರೂ ಹಾಗೇ ಒಪ್ಪುತ್ತಾರೆ ಅಂತ ಹೇಳಲಾರೆ. ತೇರು, ವಾಹನ, ಪೂಜೆಯ ಮೂರ್ತಿ ಕೆಲಸ ಬಂದಾಗ ದೇವಸ್ಥಾನದವರು ವಿಶ್ವಕರ್ಮ ಮನೆತನವನ್ನೇ ಹುಡುಕುತ್ತಾರೆ. ಆ ಕೆಲಸ ನಿಮಗೆ ಸಿಗದಿರಬಹುದು, ಅದನ್ನು ಮನಸ್ಸಿಗೆ ಹಚ್ಚಿಕೊಂಡರೆ ಕಷ್ಟ. ಇನ್ನೊಂದು ಮಾತು, ಅವರ ಮನೆ ಅನ್ನ ಈ ವಿದ್ಯೆಯಿಂದ ನಡೆದಿದೆ. ಪುಕ್ಕಟೆ ಕೇಳಬೇಡಿ. ನಾನು ವರ್ಷಕ್ಕೆ ಎರಡು ಮೂಟೆ ಅಕ್ಕಿ ಹೊತ್ತು ಹಾಕುತ್ತಿದ್ದೆ. ಅವರು 'ಇದೇನು ಮತ್ತೆ ಆಯನಾ?' ಅಂತ ನಗುತ್ತಿದ್ದರು.

ಸಂಸ್ಥೆಯಲ್ಲೇ ಕಲಿಯಬೇಕು ಅಂದರೆ ಬಿಡದಿ ಹತ್ತಿರದ ಜೋಗರದೊಡ್ಡಿಯಲ್ಲಿ, ಕಾರ್ಕಳದಲ್ಲಿ ಕೆನರಾ ಬ್ಯಾಂಕ್ ನೆರವಿನ ಕುಶಲಕರ್ಮಿ ತರಬೇತಿ ಕೇಂದ್ರಗಳಿವೆ. ಚೆನ್ನಾಗಿ ಕಲಿಸುತ್ತಾರೆ. ಆದರೆ ಅಲ್ಲೇ ಇದ್ದು ಕಲಿಯಬೇಕು, ಸೇರುವವರು ಹೆಚ್ಚಾಗಿ ಹುಡುಗರು. ನಿಮ್ಮ ವಯಸ್ಸಿಗೆ ಸೇರಿಸಿಕೊಳ್ಳುತ್ತಾರಾ ಅಂತ ಮೊದಲೇ ಕೇಳಿ.

ದೇವರ ರೂಪಕ್ಕೆ ಕೈ ಹಾಕುವ ಮೊದಲು ಅಳತೆ ಕಲಿಯಬೇಕು. ಮುಖದ ಉದ್ದವೇ ಒಂದು ತಾಳ, ಅದು 12 ಅಂಗುಲ. ಈ ಅಂಗುಲ ಟೇಪಿನ ಇಂಚಲ್ಲ, ಆ ಮೂರ್ತಿಯದೇ ಅಂಗುಲ. ನವತಾಳದ ಮೂರ್ತಿಗೆ 108 ಅಂಗುಲ. ಮುಖ 12, ಕತ್ತು 4, ಕತ್ತಿನಿಂದ ಎದೆ 12, ಎದೆಯಿಂದ ಹೊಕ್ಕಳು 12, ಅಲ್ಲಿಂದ ಕೆಳಹೊಟ್ಟೆಯ ಕೊನೆ 12, ತೊಡೆ 24, ಮಂಡಿ 4, ಕಣಕಾಲು 24, ಪಾದ 4. ಕೂಡಿ ನೋಡಿ, ಸರಿ ಹೋಗುತ್ತದೆ. ಗಣಪತಿಗೆ ಐದೇ ತಾಳ, ಅದಕ್ಕೇ ಅವನು ಮಗುವಿನ ಹಾಗೆ ಕಾಣುವುದು. ನೀವು ಒಂದು ಅಡಿಯ ಹಲಗೆಯಲ್ಲಿ ಮೂರ್ತಿ ಬರೆಯುತ್ತೀರಿ ಅಂದರೆ ಆ ಅಡಿಯನ್ನು 108 ಭಾಗ ಮಾಡಬೇಕು. ತಾಳೆಗರಿಯ ಪಟ್ಟಿಯನ್ನು ಮಡಚಿ ಮಡಚಿ ಭಾಗ ಮಾಡುವುದನ್ನು ನನಗೆ ಗುರುಗಳು ತೋರಿಸಿದ್ದರು. ನೀವು ಕಾಗದದ ಪಟ್ಟಿ ಮಡಚಿದರೂ ಆಗುತ್ತದೆ. ಮೊದಲ ವರ್ಷ ಮಾತ್ರ ಮುಖಕ್ಕೆ ಹೋಗಬೇಡಿ. ಎಲೆ, ಬಳ್ಳಿ, ಕಮಲ, ಹಂಸ, ಇಷ್ಟೇ.

ಬೇಸಾಯ ಬಿಡಬೇಕಾ ಅಂತ ಕೇಳಿದ್ದೀರಿ. ಬಿಡಬೇಡಿ, ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಕೆತ್ತನೆಯಲ್ಲಿ ಹಣ ಬರುವುದು ಮನೆ ಕಟ್ಟುವವರಿಂದ. ಅವರು ಗೃಹಪ್ರವೇಶದ ದಿನ ಗೊತ್ತು ಮಾಡಿಕೊಂಡು ಬರುತ್ತಾರೆ, ಮೂರು ತಿಂಗಳು ಮೈ ತುಂಬ ಕೆಲಸ, ಆಮೇಲೆ ಆಷಾಢ ಬಂದರೆ ಫೋನೇ ಇಲ್ಲ. ಭತ್ತ ನಾಟಿ ಆಷಾಢ, ಶ್ರಾವಣದಲ್ಲೇ ಬರುತ್ತದಲ್ಲ, ನಿಮಗೆ ಅದು ಹೊಂದಿಕೊಳ್ಳುತ್ತದೆ. ಕೊಯ್ಲು ಮುಗಿದು ನಾಲೆ ನೀರು ನಿಂತ ಮೇಲೆ ಕೆತ್ತನೆಗೆ ಕೂರಿ. ಕಬ್ಬು ಕಟಾವಿನ ವಾರ ಮಾತ್ರ ಉಳಿ ಮುಟ್ಟಬೇಡಿ. ಆ ಕೈ ನಡುಗುತ್ತಿರುತ್ತದೆ, ಕೆತ್ತಿದ್ದು ಹಾಳಾಗುತ್ತದೆ.

ನಿಮಗೆ ಎದುರಾಳಿ ಇನ್ನೊಬ್ಬ ಕೆತ್ತನೆಗಾರ ಅಲ್ಲ, ಕಂಪ್ಯೂಟರ್ ಹೇಳಿದ ಹಾಗೆ ಕೆತ್ತುವ ಸಿಎನ್‌ಸಿ ಯಂತ್ರ. ನೀವು ಒಂದು ವಾರ ಕೂತು ಕೆತ್ತುವ ಹಲಗೆಯನ್ನು ಅದು ಒಂದು ದಿನದಲ್ಲಿ ಮುಗಿಸುತ್ತದೆ. ನಾನು ಅದನ್ನು ಬೈಯುವವನಲ್ಲ, ದುಡ್ಡು ಕಡಿಮೆ ಇರುವ ಮನೆಯವರಿಗೂ ಬಾಗಿಲ ಮೇಲೆ ಲಕ್ಷ್ಮಿ ಬೇಕು. ಆದರೆ ನಮ್ಮೂರಿನ ಮಿಲ್ಲುಗಳಲ್ಲಿರುವ ಸಾಮಾನ್ಯ ಯಂತ್ರದ ಸೂಜಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಅಷ್ಟೇ. ಎಲೆಯ ಹೊಟ್ಟೆಯ ಕೆಳಗೆ ಹೋಗಿ ಮರ ತೆಗೆಯಲು ಅದಕ್ಕೆ ಬಾರದು. ಹಾಗಾಗಿ ಅದರ ಕೆಲಸ ಹಲಗೆಗೆ ಅಂಟಿಕೊಂಡ ಹಾಗೆ ಕಾಣುತ್ತದೆ, ಎದ್ದು ಬರುವುದಿಲ್ಲ. ಗಿರಾಕಿಗೆ ಇದನ್ನು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ. ಯಂತ್ರದ ಒಂದು ತುಂಡು, ನಿಮ್ಮದೊಂದು ತುಂಡು ಪಕ್ಕಪಕ್ಕ ಇಟ್ಟು, ಕಣ್ಣು ಮುಚ್ಚಿ ಬೆರಳು ಆಡಿಸಲು ಹೇಳಿ. ನನಗೆ ಬಂದ ಅರ್ಧ ಕೆಲಸ ಹೀಗೇ ಬಂದದ್ದು.

ಬೆಲೆಯನ್ನು ಅಡಿ ಲೆಕ್ಕದಲ್ಲಿ ಹೇಳಬೇಡಿ, ಯಂತ್ರದವರ ಲೆಕ್ಕ ಅದು. ಎಷ್ಟು ದಿನ ಹಿಡಿಯುತ್ತದೆ ಅಂತ ಎಣಿಸಿ, ಊರಿನ ಒಳ್ಳೆಯ ಬಡಗಿಯ ದಿನಗೂಲಿಗೆ ಗುಣಿಸಿ, ಮರದ ಬೆಲೆ ಬೇರೆ ಬರೆಯಿರಿ. ನೆಂಟರಿಗೂ ಹೀಗೇ. ಬಾಗಿಲು, ವಾಸಕಲ್ಲು ಬಿಟ್ಟರೆ ನಮ್ಮ ಕಡೆ ಇನ್ನೊಂದು ಕೆಲಸ ಇದೆ, ಜಾಸ್ತಿ ಜನ ಗಮನಿಸುವುದಿಲ್ಲ. ದಸರಾ ಬೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆ ಬೇಕು, ರಾಜ ರಾಣಿ, ಮರದ್ದು. ಒಂದು ಗೇಣು ಎತ್ತರ. ಮಗಳಿಗೆ ಮದುವೆಯಲ್ಲಿ ಕೊಡುವವರೂ ಇದ್ದಾರೆ. ಮೂರನೇ ವರ್ಷಕ್ಕೆ ನಿಮ್ಮ ಕೈ ಅದಕ್ಕೆ ತಯಾರಾಗಬಹುದು.

ಸಾಲ, ಸಹಾಯದ ಮಾತು ಬೇಗ ಮುಗಿಸುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. ಹೆಸರು ನೋಡಿ ಒಂದೇ ಜಾತಿಯವರಿಗೆ ಅಂದುಕೊಳ್ಳಬೇಡಿ, ಹಾಗಿಲ್ಲ. ಉಪಕರಣಕ್ಕೆ 15,000 ರೂಪಾಯಿ ವರೆಗೆ ನೆರವು, ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಶೇ. 5ರ ಬಡ್ಡಿಗೆ ಸಾಲ. ಆದರೆ ಕಸುಬನ್ನು ನೀವು ನಿಜವಾಗಿ ಮಾಡುತ್ತಿರಬೇಕು, ಪಂಚಾಯ್ತಿಯವರು ನೋಡಿ ಹೌದು ಅನ್ನಬೇಕು. ಮನೆಗೆ ಒಬ್ಬರಿಗೆ ಮಾತ್ರ. ಕಲಿತು ನಾಲ್ಕು ಕೆಲಸ ಮಾಡಿದ ಮೇಲೆ ಅರ್ಜಿ ಹಾಕಿ. ಉಳಿ ಹಿಡಿಯಲು ಬರುವ ಮೊದಲು ಸಾಲ ಮಾಡಬೇಡಿ.

ಈಗ ಮತ್ತೆ ಹಲಸಿಗೆ ಬರುತ್ತೇನೆ. ಹಲಗೆ ಅಟ್ಟಿ ಹಾಕಿದ ದಿನ ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ತಾರೀಖು ಬರೆಯಿರಿ. ಸೊಂಟದ ಹತ್ತಿರದ ಹಲಗೆ, ಬುಡದ ಹಲಗೆ ಅಂತಲೂ ಬರೆಯಿರಿ, ಬುಡದ್ದು ಗಟ್ಟಿ, ಎಳೆ ತಿರುಚಿರುತ್ತದೆ. ಕೊಂಬೆಗಳನ್ನು ಸೌದೆಗೆ ಹಾಕಬೇಡಿ. ಕೈತೋಳಿನ ದಪ್ಪದವನ್ನು ಆರಿಸಿ ಇಟ್ಟರೆ ಉಳಿಗಳ ಹಿಡಿಗೆ ಆಗುತ್ತವೆ. ಕೊಡತಿಯನ್ನೂ ಅದರಲ್ಲೇ ಮಾಡಿಕೊಳ್ಳಬಹುದು, ಆದರೆ ಹುಣಸೆ ಸಿಕ್ಕರೆ ಹುಣಸೆಯೇ ವಾಸಿ.